ಹಳೆಯ ಫೋರ್-ವೀಲ್ ಡ್ರೈವ್: ಸ್ಟೀರಿಂಗ್ ಅದುರುವಿಕೆ, ಎತ್ತರಿಸುವಿಕೆ ಮತ್ತು ಹ್ಯಾಂಡ್‌ಬ್ರೇಕ್ ಕುರಿತ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನನ್ನ ಬಳಿ ಹಳೆಯ ಫೋರ್-ವೀಲ್ ಡ್ರೈವ್ ವಾಹನವೊಂದಿದೆ. ಮುಂದೆಯೂ ಹಿಂದೆಯೂ ಇಡಿಯಾದ ಆಕ್ಸಲ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್. ಗಂಟೆಗೆ 60 ಕಿ.ಮೀ. ಆಸುಪಾಸಿನಲ್ಲಿ ಮುಂದಿನ ಚಕ್ರ ಒಂದು ಸಣ್ಣ ಗುಂಡಿಗೆ ಇಳಿದರೂ ಸಾಕು, ಸ್ಟೀರಿಂಗ್ ಕೈಗೆ ಸಿಗದ ಹಾಗೆ ಎಡಬಲಕ್ಕೆ ಅದುರತೊಡಗುತ್ತದೆ. ವೇಗವನ್ನು ತೀರಾ ತಗ್ಗಿಸುವವರೆಗೂ ನಿಲ್ಲುವುದಿಲ್ಲ. ಸ್ಟೀರಿಂಗ್ ಡ್ಯಾಂಪರ್ (ಅದುರುವಿಕೆಯನ್ನು ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿದರೆ ಸರಿಹೋಗುತ್ತದೆ ಎಂದು ಕೆಲವರು ಹೇಳಿದ್ದಾರೆ. ಹೇಗೂ ಕೆಲಸಕ್ಕೆ ಕೈಹಾಕುತ್ತಿರುವುದರಿಂದ, ಉದ್ದನೆಯ ಶ್ಯಾಕಲ್ (ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿ ಎರಡು ಇಂಚು ಎತ್ತರಿಸಿ, 28 ಇಂಚಿನ ಟೈರುಗಳ ಜಾಗದಲ್ಲಿ 31 ಇಂಚಿನವನ್ನು ಹಾಕಿಸಬೇಕೆಂದಿದ್ದೇನೆ. ಇದನ್ನೆಲ್ಲ ಮನೆಯಲ್ಲೇ ಮಾಡಿಕೊಳ್ಳಬಹುದೇ? ಯಾವುದನ್ನು ಮೊದಲು ಮಾಡಲಿ?

ಉತ್ತರ: ನಮಸ್ಕಾರ. ಮನೆಯಲ್ಲೇ ಮಾಡಿಕೊಳ್ಳಬಹುದು, ಆದರೆ ಅದುರುವಿಕೆಯ ಮೂಲ ಸಿಗುವವರೆಗೆ ಶ್ಯಾಕಲ್ಲನ್ನೂ ಟೈರನ್ನೂ ಡ್ಯಾಂಪರನ್ನೂ ಕೊಳ್ಳಬೇಡಿ. ಡ್ಯಾಂಪರ್ ಸವೆದ ಭಾಗವನ್ನು ಸರಿಪಡಿಸುವುದಿಲ್ಲ. ಆ ಭಾಗ ಕೊಡುತ್ತಿರುವ ಸೂಚನೆಯನ್ನು ಕೆಲವು ಕಾಲ ಅಡಗಿಸಿಡುತ್ತದೆ, ಅಷ್ಟರಲ್ಲಿ ಸವೆತ ಮುಂದುವರಿದಿರುತ್ತದೆ. ಡ್ಯಾಂಪರ್ ಮೊದಲಿನಿಂದ ಇಲ್ಲದ ಮಾದರಿಗಳೂ, ಎಲ್ಲ ಕೀಲುಗಳು ಬಿಗಿಯಾಗಿದ್ದರೆ, ಅದುರದೆ ಓಡುತ್ತವೆ.

ಟೈರಿನ ಗಾಳಿ, ಚಕ್ರದ ಬ್ಯಾಲೆನ್ಸ್ ಮತ್ತು ವೀಲ್ ನಟ್‌ಗಳನ್ನು ಮೊದಲು ನೋಡಿ. ಅವು ಸರಿಯಿದ್ದರೆ, ವಾಹನ ನಾಲ್ಕೂ ಚಕ್ರಗಳ ಮೇಲೆ ನಿಂತಿರುವಾಗಲೇ, ಎಂಜಿನ್ ಆಫ್ ಮಾಡಿ, ಒಬ್ಬರನ್ನು ಸ್ಟೀರಿಂಗ್ ಮುಂದೆ ಕೂರಿಸಿ, ಸ್ಟೀರಿಂಗ್ ಚಕ್ರವನ್ನು ಸ್ವಲ್ಪವೇ ಎಡಕ್ಕೂ ಬಲಕ್ಕೂ ಆಡಿಸುತ್ತಿರಲು ಹೇಳಿ. ನೀವು ಕೆಳಗೆ ಮಲಗಿ ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಸರಳು) ಮತ್ತು ಟೈ ರಾಡ್ (ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳು) ಇವುಗಳ ಪ್ರತಿಯೊಂದು ಬಾಲ್ ಜಾಯಿಂಟಿನ ಮೇಲೆ ಬೆರಳಿಟ್ಟು ನೋಡುತ್ತಾ ಹೋಗಿ. ಜಾಯಿಂಟಿನ ಒಂದು ಬದಿ ಚಲಿಸಿದ ಮೇಲೆ ಇನ್ನೊಂದು ಬದಿ ತಡವಾಗಿ ಚಲಿಸಿದರೆ ಅಲ್ಲಿ ಆಟ (ಸಡಿಲಿಕೆ) ಬಂದಿದೆ ಎಂದರ್ಥ. ಈ ತಡವರಿಕೆ ಕಣ್ಣಿಗೆ ಬೀಳುವ ಮೊದಲೇ ಬೆರಳಿಗೆ ಗೊತ್ತಾಗುತ್ತದೆ. ಸ್ಟೀರಿಂಗ್ ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳನ್ನೂ ಇದೇ ಹೊತ್ತಿನಲ್ಲಿ ಗಮನಿಸಿ. ಬಾಕ್ಸ್ ಇಡಿಯಾಗಿ ಅಲ್ಲಾಡುತ್ತಿದ್ದರೆ ಬೋಲ್ಟ್ ಬಿಗಿಮಾಡಿದರಷ್ಟೇ ಸಾಲದು, ಅದು ಕೂತಿರುವ ಚಾಸಿಯ ತಗಡು ಬಿರುಕು ಬಿಟ್ಟಿದೆಯೇ ಎಂದೂ ತಿಳಿಯಬೇಕು.

ನಂತರ ಮುಂದಿನ ಆಕ್ಸಲನ್ನು ಎತ್ತಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಟೈರಿನ ಮೇಲ್ತುದಿಯನ್ನೂ ಕೆಳತುದಿಯನ್ನೂ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಿ. ಆಟ ಕಂಡುಬಂದರೆ, ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಹಿಡಿದು ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಚಕ್ರ ಸ್ಟೀರಿಂಗ್ ನಕಲ್‌ಗೆ (ಚಕ್ರವನ್ನು ಹೊತ್ತು ಎಡಬಲಕ್ಕೆ ತಿರುಗುವ ಭಾಗಕ್ಕೆ) ಬಿಗಿಯುವುದರಿಂದ, ಆಟ ಮಾಯವಾದರೆ ದೋಷ ವೀಲ್ ಬೇರಿಂಗಿನದು. ಹಾಗೆಯೇ ಉಳಿದರೆ ನಕಲ್ ತಿರುಗುವ ಕೀಲಾದ ಕಿಂಗ್ ಪಿನ್ನಿನದು. ಇಷ್ಟು ಸರಳವಾಗಿ ಎರಡನ್ನೂ ಬೇರ್ಪಡಿಸಿ ತೋರಿಸುವ ಪರೀಕ್ಷೆ ಬೇರೊಂದಿಲ್ಲ. ಇದನ್ನು ಮಾಡದೆ ಬೇರಿಂಗುಗಳನ್ನು ಬದಲಿಸುತ್ತಾ ಹೋಗುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಇನ್ನು ಎತ್ತರಿಸುವ ವಿಷಯ. ಆಕ್ಸಲ್ ಸ್ಪ್ರಿಂಗಿನ ನಡುವೆ ಕೂತಿರುವುದರಿಂದ, ಶ್ಯಾಕಲ್ ಎಷ್ಟು ಉದ್ದವಾಗುತ್ತದೋ ಅದರ ಸುಮಾರು ಅರ್ಧದಷ್ಟು ಮಾತ್ರ ವಾಹನ ಏಳುತ್ತದೆ. ಎಂದರೆ ಎರಡು ಇಂಚು ಎತ್ತರಕ್ಕೆ ನಾಲ್ಕು ಇಂಚು ಹೆಚ್ಚು ಉದ್ದದ ಶ್ಯಾಕಲ್ ಬೇಕು. ಅಷ್ಟು ಉದ್ದದ ಶ್ಯಾಕಲ್ ತಿರುವುಗಳಲ್ಲಿ ಪಕ್ಕಕ್ಕೆ ವಾಲುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ಅದಲ್ಲದೆ ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಮುಂತುದಿಯಲ್ಲಿದ್ದರೆ, ಅದು ಉದ್ದವಾದಂತೆ ಆಕ್ಸಲಿನ ಮೇಲ್ಭಾಗ ಮುಂದಕ್ಕೆ ತಿರುಗಿ ಕ್ಯಾಸ್ಟರ್ ಕೋನ (ಕಿಂಗ್ ಪಿನ್ನಿನ ಮೇಲ್ತುದಿ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಕ್ಯಾಸ್ಟರ್ ಕಡಿಮೆಯಾದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಕುಂದುತ್ತದೆ, ನಿಮ್ಮ ಈಗಿನ ತೊಂದರೆ ಇನ್ನಷ್ಟು ಹೆಚ್ಚುತ್ತದೆ. ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಓರೆ ತುಂಡು ಕೊಟ್ಟು ಕ್ಯಾಸ್ಟರ್ ಸರಿಪಡಿಸಬಹುದು, ಆದರೆ ಡಿಫರೆನ್ಶಿಯಲಿನ (ಎರಡು ಚಕ್ರಗಳಿಗೆ ಬಲ ಹಂಚುವ ಗೇರುಗಳ ಜೋಡಣೆಯ) ಪಿನಿಯನ್ನೂ (ಶಾಫ್ಟ್ ಬಂದು ಸೇರುವ ಗೇರು) ಅದೇ ಹೌಸಿಂಗಿನಲ್ಲಿರುವುದರಿಂದ ಅದೂ ಜೊತೆಗೆ ಕೆಳಮುಖವಾಗಿ ತಿರುಗಿ, ಆಕ್ಸಲಿಗೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟಿನ (ಬಾಗಬಲ್ಲ ಕೀಲಿನ) ಕೋನ ಕಡಿದಾಗುತ್ತದೆ. ಎತ್ತರವೇ ಬೇಕೆಂದಿದ್ದರೆ ಅದಕ್ಕೆಂದೇ ತಯಾರಾದ ಸ್ಪ್ರಿಂಗುಗಳನ್ನು ಹಾಕಿಸಿ; ಆಕ್ಸಲ್ ಪೂರ್ತಿ ಕೆಳಗಿಳಿದಾಗ ಬ್ರೇಕ್ ಹೋಸ್ ಬಿಗಿಯಾಗಿ ಎಳೆದುಕೊಳ್ಳುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಟೈರಿನ ಲೆಕ್ಕ ಚಿಕ್ಕದು. 28ರಿಂದ 31 ಇಂಚಿಗೆ ಹೋದರೆ ಚಕ್ರದ ಒಂದು ಸುತ್ತಿಗೆ ಸುಮಾರು 10.7 ಶೇಕಡ ಹೆಚ್ಚು ದೂರ ಸಾಗುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾದ ವೇಗ 66 ಕಿ.ಮೀ. ದಾಟಿರುತ್ತದೆ. ಪೆಡಲನ್ನು ಅಷ್ಟೇ ಒತ್ತಿದರೂ ರಸ್ತೆಯ ಮೇಲೆ ಸಿಗುವ ಬ್ರೇಕಿನ ಬಲ ಹತ್ತಿರ ಹತ್ತಿರ ಹತ್ತನೆಯ ಒಂದು ಭಾಗ ಕಡಿಮೆಯಾಗುತ್ತದೆ, ಹಳೆಯ ಡ್ರಮ್ ಬ್ರೇಕುಗಳಲ್ಲಿ ಇದು ಕಡೆಗಣಿಸುವ ಮಾತಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ನಮ್ಮದೂ ಹಳೆಯ ವಾಹನವೇ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲೂ ನಿಲ್ಲಿಸಿ, ಹಿಂದಿನ ಒಂದು ಚಕ್ರವನ್ನು ಜಾಕ್‌ನಿಂದ ಎತ್ತಿದೊಡನೆ ವಾಹನ ಮುಂದಕ್ಕೆ ಉರುಳಿ ಜಾಕ್ ವಾಲಿತು. ಅದೃಷ್ಟಕ್ಕೆ ಯಾರೂ ಕೆಳಗಿರಲಿಲ್ಲ. ಹ್ಯಾಂಡ್‌ಬ್ರೇಕ್ ಬೇರೆ ವೇಳೆಯಲ್ಲಿ ಇಳಿಜಾರಿನಲ್ಲೂ ಚೆನ್ನಾಗಿ ಹಿಡಿಯುತ್ತದೆ. ಹೀಗೇಕಾಯಿತು?

ಉತ್ತರ: ಯಾರಿಗೂ ಏನೂ ಆಗಲಿಲ್ಲವೆಂಬುದು ದೊಡ್ಡ ಸಮಾಧಾನ. ನಿಮ್ಮ ಹ್ಯಾಂಡ್‌ಬ್ರೇಕ್ ಕೆಟ್ಟಿಲ್ಲ. ಅದು ಇರುವ ಜಾಗವೇ ಇದಕ್ಕೆ ಕಾರಣ. ಹಳೆಯ ವಿಲ್ಲೀಸ್ ಜೀಪು, ಲ್ಯಾಂಡ್ ರೋವರ್ ಮುಂತಾದವುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ ಚಕ್ರಗಳಲ್ಲಿರದೆ ಟ್ರಾನ್ಸ್‌ಫರ್ ಕೇಸಿನ (ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲುಗಳಿಗೆ ಹಂಚುವ ಗೇರುಪೆಟ್ಟಿಗೆಯ) ಹಿಂದೆ, ಪ್ರೊಪೆಲ್ಲರ್ ಶಾಫ್ಟ್ ಹೊರಡುವಲ್ಲಿ ಇರುತ್ತದೆ. ಅದು ಹಿಡಿಯುವುದು ಶಾಫ್ಟನ್ನು, ಚಕ್ರವನ್ನಲ್ಲ. ಎರಡೂ ಹಿಂದಿನ ಚಕ್ರಗಳು ನೆಲದ ಮೇಲಿರುವಷ್ಟು ಹೊತ್ತು ಅಷ್ಟೇ ಸಾಕು. ಒಂದು ಚಕ್ರ ಗಾಳಿಗೆ ಏರಿದೊಡನೆ, ಶಾಫ್ಟ್ ನಿಂತೇ ಇದ್ದರೂ ಡಿಫರೆನ್ಶಿಯಲ್ ತನ್ನ ಕೆಲಸ ಮಾಡುತ್ತದೆ: ನೆಲದಲ್ಲಿರುವ ಚಕ್ರ ಮುಂದಕ್ಕೆ ಉರುಳುತ್ತದೆ, ಎತ್ತಿದ ಚಕ್ರ ಹಿಂದಕ್ಕೆ ತಿರುಗುತ್ತದೆ. ಗೇರು ಕೂಡ ಹಿಡಿಯುವುದು ಅದೇ ಶಾಫ್ಟನ್ನಾದ್ದರಿಂದ ಅದರಿಂದಲೂ ಪ್ರಯೋಜನವಿಲ್ಲ. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರಂತೂ ಗೇರಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ.

ಆದ್ದರಿಂದ ಸಮತಟ್ಟಾದ ಗಟ್ಟಿ ನೆಲದಲ್ಲಿ, ನೆಲದಲ್ಲೇ ಉಳಿಯುವ ಚಕ್ರಗಳಿಗೆ ಮುಂದೆಯೂ ಹಿಂದೆಯೂ ದಿಮ್ಮಿ ಕೊಟ್ಟ ಮೇಲೆಯೇ ಜಾಕ್ ಹಚ್ಚಿ. ಹಿಂದಿನ ಚಕ್ರ ಎತ್ತುವಾಗ ಮುಂದಿನ ಫ್ರೀ-ವೀಲಿಂಗ್ ಹಬ್‌ಗಳನ್ನು (ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಸೇರಿಸುವ, ಬಿಡಿಸುವ ಹಬ್) ಲಾಕ್ ಮಾಡಿ, ಫೋರ್-ವೀಲ್ ಡ್ರೈವಿಗೆ ಹಾಕಿದರೆ ಮುಂದಿನ ಎರಡು ಚಕ್ರಗಳೂ ಹಿಡಿಯುತ್ತವೆ. ಆದರೂ ದಿಮ್ಮಿಯನ್ನು ಬಿಡುವಂತಿಲ್ಲ. ಎತ್ತಿದ ಮೇಲೆ ಸ್ಟ್ಯಾಂಡ್ ಇಡದೆ ಕೆಳಗೆ ಕೈ ಹಾಕಲೇಬೇಡಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಮುಂದಿನ ಚಕ್ರದ ಒಳಬದಿಯಲ್ಲಿ, ಸ್ಟೀರಿಂಗ್ ನಕಲಿನ ಗೋಳದ ಸುತ್ತ ಕಪ್ಪು ಎಣ್ಣೆ ಸೋರುತ್ತಿದೆ. ಸೀಲ್ ಬದಲಿಸಿದ ಸ್ವಲ್ಪ ಕಾಲದಲ್ಲೇ ಮತ್ತೆ ಶುರುವಾಯಿತು. ಗೇರ್‌ಬಾಕ್ಸಿಗೂ ಡಿಫರೆನ್ಶಿಯಲಿಗೂ ಒಂದೇ ಎಣ್ಣೆ ಹಾಕಬಹುದೇ ಎಂಬುದನ್ನೂ ತಿಳಿಸಿ.

ಉತ್ತರ: ಆ ಗೋಳದೊಳಗೆ ದಪ್ಪ ಗ್ರೀಸು ಇರಬೇಕಾದ ಮಾದರಿಯಾಗಿದ್ದರೆ, ಅಲ್ಲಿಂದ ತೆಳ್ಳನೆಯ ಕಪ್ಪು ದ್ರವ ಬರುತ್ತಿದೆಯೆಂದರೆ ಡಿಫರೆನ್ಶಿಯಲಿನ ಎಣ್ಣೆ ಆಕ್ಸಲ್ ಕೊಳವೆಯ ಒಳಗಿನ ಸೀಲನ್ನು ದಾಟಿ ಬಂದು ಗ್ರೀಸನ್ನು ಕರಗಿಸಿದೆ. ಹೊರಗಿನ ಸೀಲನ್ನು ಎಷ್ಟು ಸಲ ಬದಲಿಸಿದರೂ ಒಳಗಿನದು ಹೋಗಿರುವವರೆಗೆ ಸೋರಿಕೆ ನಿಲ್ಲದು. ಹೊಸ ಸೀಲ್ ಹಾಕುವ ಮೊದಲು ಆಕ್ಸಲ್ ಹೌಸಿಂಗಿನ ಮೇಲಿರುವ ಬ್ರೀದರನ್ನು (ಗಾಳಿಯಾಡುವ ಕಿಂಡಿ) ಬಿಚ್ಚಿ ಶುಚಿ ಮಾಡಿ. ಅದು ಕೆಸರಿನಿಂದ ಕಟ್ಟಿಕೊಂಡಿದ್ದರೆ, ಓಡುವಾಗ ಬಿಸಿಯಾಗಿ ಹಿಗ್ಗಿದ ಗಾಳಿ ಸೀಲುಗಳ ಮೂಲಕವೇ ಎಣ್ಣೆಯನ್ನು ತಳ್ಳುತ್ತದೆ; ಅದೇ ಬಿಸಿ ಆಕ್ಸಲ್ ನೀರಿಗಿಳಿದು ತಣ್ಣಗಾದಾಗ ನೀರನ್ನು ಒಳಕ್ಕೆ ಹೀರುತ್ತದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೇ ತಿಳಿಯಿರಿ.

ಹೈಪಾಯ್ಡ್ (ಒಂದರ ಮೇಲೊಂದು ಜಾರುತ್ತಾ ಕೂಡುವ) ಹಲ್ಲುಗಳ ಡಿಫರೆನ್ಶಿಯಲಿಗೆ ಜಿಎಲ್-5 ದರ್ಜೆಯ ಎಣ್ಣೆ ಬೇಕು. ಗೇರು ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ಉಂಗುರಗಳಿರುವ ಹಳೆಯ ಗೇರ್‌ಬಾಕ್ಸಿಗೆ ಜಿಎಲ್-4 ಹಾಕಿ. ಜಿಎಲ್-5ರಲ್ಲಿ ಹೆಚ್ಚಾಗಿರುವ ಗಂಧಕದ ಸಂಯುಕ್ತಗಳು ಹಿತ್ತಾಳೆಯನ್ನು ತಿನ್ನುವ ಸಾಧ್ಯತೆಯಿದೆ. ಎರಡಕ್ಕೂ ಒಂದೇ ಎಣ್ಣೆ ಬೇಡ.

ಮೊದಲ ಸದಸ್ಯರು: ಸರ್, ನೀವು ಹೇಳಿದಂತೆ ನೋಡಿದೆ. ಟೈ ರಾಡ್, ಡ್ರ್ಯಾಗ್ ಲಿಂಕ್ ಬಿಗಿಯಾಗಿವೆ. ಬಲಚಕ್ರದ ಆಟ ಮಾತ್ರ ಬ್ರೇಕ್ ಒತ್ತಿದರೂ ಹಾಗೆಯೇ ಉಳಿಯಿತು. ಕಿಂಗ್ ಪಿನ್ನಿನ ಶಿಮ್ (ಬಿಗಿ ಹೊಂದಿಸುವ ತೆಳು ತಗಡು) ತೆಗೆದರೆ ಸಾಕೇ?

ಉತ್ತರ: ಕೆಲವೊಮ್ಮೆ ಸಾಕು, ಆದರೆ ಅಂದಾಜಿನಲ್ಲಿ ತೆಗೆಯಬೇಡಿ. ಚಕ್ರ ಮತ್ತು ಹಬ್ ಬಿಚ್ಚಿ, ಟೈ ರಾಡನ್ನೂ ಆ ಬದಿಗೆ ಡ್ರ್ಯಾಗ್ ಲಿಂಕ್ ಸೇರಿದ್ದರೆ ಅದನ್ನೂ ಕಳಚಿ, ಗೋಳವನ್ನು ಒತ್ತಿಕೊಂಡಿರುವ ಸೀಲನ್ನೂ ಸಡಿಲಿಸಿ. ಆ ಸೀಲಿನ ಉಜ್ಜುವಿಕೆ ಅಳತೆಯನ್ನು ಕೆಡಿಸುತ್ತದೆ. ನಕಲನ್ನು ಕೈಯಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ. ಚಕ್ರ ನೇರವಾಗಿರುವ ಜಾಗಕ್ಕೆ ಬಂದಾಗ ಸಣ್ಣದಾಗಿ ಸಿಕ್ಕಿಕೊಂಡು ಬಿಟ್ಟಂತೆ ತೋರಿದರೆ, ಬೇರಿಂಗಿನ ರೋಲರುಗಳು ತಾವು ಉರುಳುವ ಹೊರಬಳೆಯಾದ ಕಪ್‌ನಲ್ಲಿ ಗುಳಿ ಮಾಡಿವೆ. ವಾಹನ ಹೆಚ್ಚು ಕಾಲ ನೇರವಾಗಿಯೇ ಓಡುವುದರಿಂದ ಗುಳಿ ಅಲ್ಲೇ ಬೀಳುತ್ತದೆ. ಅಂಥ ಬೇರಿಂಗನ್ನು ಶಿಮ್ ತೆಗೆದು ಬಿಗಿಮಾಡಿದರೆ ಸ್ಟೀರಿಂಗ್ ನೇರದಲ್ಲೇ ಅಂಟಿಕೊಳ್ಳುತ್ತದೆ. ಕಪ್ ಸಮೇತ ಹೊಸದನ್ನೇ ಹಾಕಿ. ಕೆಲವು ಮಾದರಿಗಳಲ್ಲಿ ಮೇಲ್ಗಡೆ ಬೇರಿಂಗಿನ ಬದಲು ಬುಷ್ ಇರುತ್ತದೆ, ಅದು ಸವೆದಿದ್ದರೆ ಬದಲಿಸುವುದೊಂದೇ ದಾರಿ.

ತಿರುಗುವಿಕೆ ನಯವಾಗಿದ್ದರೆ, ಟೈ ರಾಡ್ ಸೇರುವ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಸ್ಟೀರಿಂಗ್ ತೋಳಿಗೆ ಲಂಬವಾಗಿ ಎಳೆಯಿರಿ. ನಕಲ್ ಒಂದೇ ಸಮನೆ ಚಲಿಸುತ್ತಿರುವಾಗ ತಕ್ಕಡಿ ತೋರಿಸುವ ಅಂಕಿಯನ್ನು ನಿಮ್ಮ ಮಾದರಿಯ ವರ್ಕ್‌ಶಾಪ್ ಕೈಪಿಡಿಯ ಅಂಕಿಯೊಡನೆ ಹೋಲಿಸಿ. ಕಡಿಮೆಯಿದ್ದರೆ ಶಿಮ್ ತೆಗೆಯಬೇಕು, ಹೆಚ್ಚಿದ್ದರೆ ಸೇರಿಸಬೇಕು. ತೆಗೆದ ಶಿಮ್ ಮೇಲಿನದೋ ಕೆಳಗಿನದೋ ಎಂದು ಬರೆದಿಟ್ಟುಕೊಳ್ಳಿ. ಎಡಬದಿಯಲ್ಲಿ ಆಟ ಕಾಣದಿದ್ದರೂ ಅದನ್ನೂ ಇದೇ ರೀತಿ ಅಳೆಯಿರಿ. ಎಲ್ಲವನ್ನೂ ಜೋಡಿಸಿದ ಮೇಲೆ ಟೋ-ಇನ್ (ಮುಂದಿನ ಚಕ್ರಗಳ ಮುಂಬದಿ ಒಳಕ್ಕೆ ತಿರುಗಿರುವ) ಅಳತೆ ನೋಡಿ, 28 ಇಂಚಿನ ಟೈರುಗಳಲ್ಲೇ ಓಡಿಸಿ, ಅದುರುವಿಕೆ ನಿಂತಿದೆಯೇ ಎಂದು ಇಲ್ಲಿ ತಿಳಿಸಿ. ಸ್ಪ್ರಿಂಗಿನ ಆಯ್ಕೆಯನ್ನು ಆಗ ನೋಡೋಣ.