ಪ್ಲಗಿನ್ ತೆಗೆದ ಮೇಲೂ ಜಾಲತಾಣದಲ್ಲಿ ಉಳಿಯುವ ಟ್ರ್ಯಾಕಿಂಗ್ ಕೋಡ್

ಪ್ರಶ್ನೆ: ಸರ್, ನಮ್ಮ ಸಂಸ್ಥೆಯ ಜಾಲತಾಣ ವರ್ಡ್‌ಪ್ರೆಸ್‌ನಲ್ಲಿದೆ. ಹಿಂದೆ ಅದನ್ನು ನಿರ್ವಹಿಸುತ್ತಿದ್ದ ಏಜೆನ್ಸಿಯ ಒಪ್ಪಂದ ಮುಗಿದ ಬಳಿಕ, ಅವರು ಹಾಕಿದ್ದ, ಭೇಟಿಗಾರರ ಚಟುವಟಿಕೆ ದಾಖಲಿಸುವ ಗೂಗಲ್ ಅನಲಿಟಿಕ್ಸ್ ಮತ್ತು ಫೇಸ್‌ಬುಕ್ ಪಿಕ್ಸೆಲ್ ಪ್ಲಗಿನ್‌ಗಳೆರಡನ್ನೂ ಡಿಲೀಟ್ ಮಾಡಿದ್ದೇನೆ. ಆದರೂ ಬ್ರೌಸರ್‌ನಲ್ಲಿ ಅವುಗಳ ಕುಕೀಗಳು ಕಾಣಿಸುತ್ತಿವೆ. ಪೇಜ್ ಸೋರ್ಸ್ ತೆರೆದು ಹುಡುಕಿದರೆ ಪಿಕ್ಸೆಲ್‌ನ ಸುಳಿವೇ ಇಲ್ಲ. ಕೋಡ್ ಎಲ್ಲಿ ಉಳಿದಿರಬಹುದು?

ಉತ್ತರ: ಕುಕೀ ಕಂಡ ಮಾತ್ರಕ್ಕೆ ಕೋಡ್ ಉಳಿದಿದೆ ಎನ್ನಲಾಗದು. ಪಿಕ್ಸೆಲ್‌ನ ಕುಕೀಗೆ 90 ದಿನಗಳ ಆಯುಷ್ಯವಿರುತ್ತದೆ. ಗೂಗಲ್ ಅನಲಿಟಿಕ್ಸ್ ತನ್ನ ಕುಕೀಗೆ 2 ವರ್ಷ ಕೇಳುತ್ತದೆ, ಕ್ರೋಮ್ ಅದನ್ನು 400 ದಿನಗಳಿಗೆ ಮೊಟಕುಗೊಳಿಸುತ್ತದೆ. ಆದ್ದರಿಂದ ಖಾಸಗಿ ವಿಂಡೋವೊಂದನ್ನು ತೆರೆದು, ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ಆಫ್ ಮಾಡಿ, ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್ ತೆರೆದಿಟ್ಟುಕೊಂಡು ಪುಟವನ್ನು ರೀಲೋಡ್ ಮಾಡಿ. ಗೂಗಲ್‌ಗೋ ಫೇಸ್‌ಬುಕ್‌ಗೋ ರಿಕ್ವೆಸ್ಟ್ ಹೋಗುತ್ತಿದ್ದರೆ ಮಾತ್ರ ಕೋಡ್ ಜೀವಂತವಾಗಿದೆ ಎಂದರ್ಥ.

ಅಂಥ ರಿಕ್ವೆಸ್ಟ್ ಸಿಕ್ಕರೆ ಅದೇ ಸಾಲಿನ ಇನಿಷಿಯೇಟರ್ ಕಾಲಂ ನೋಡಿ. ಯಾವ ಸ್ಕ್ರಿಪ್ಟ್ ಅದನ್ನು ಕರೆಯಿತು ಎಂಬುದನ್ನು ಅದು ಹೇಳುತ್ತದೆ, ಮತ್ತು ಈ ಕೆಲಸದಲ್ಲಿ ನಾನು ಅತಿ ಹೆಚ್ಚು ನಂಬುವುದು ಅದನ್ನೇ. ಪೇಜ್ ಸೋರ್ಸ್ ತೋರಿಸುವುದು ಸರ್ವರ್ ಕಳುಹಿಸಿದ ಎಚ್‌ಟಿಎಂಎಲ್ ಅನ್ನು ಮಾತ್ರ. ಆಮೇಲೆ ಸ್ಕ್ರಿಪ್ಟ್‌ಗಳು ಎಳೆದು ತರುವ ಇತರ ಸ್ಕ್ರಿಪ್ಟ್‌ಗಳು ಅದರಲ್ಲಿ ಇರುವುದಿಲ್ಲ. ಸೋರ್ಸ್‌ನಲ್ಲಿ ಪಿಕ್ಸೆಲ್ ಇಲ್ಲದಿದ್ದರೂ ನೆಟ್‌ವರ್ಕ್‌ನಲ್ಲಿ ಕಂಡರೆ, ಬಹುಪಾಲು ಅದು ಗೂಗಲ್ ಟ್ಯಾಗ್ ಮ್ಯಾನೇಜರ್‌ನ (ಜಿಟಿಎಂ) ಕಂಟೇನರ್, ಅಂದರೆ ಹಲವು ಕೋಡ್‌ಗಳನ್ನು (ಟ್ಯಾಗ್‌ಗಳನ್ನು) ಒಟ್ಟಿಗೆ ಇಡುವ ಡಬ್ಬಿಯ ಒಳಗಿನಿಂದ ಬರುತ್ತಿರುತ್ತದೆ. ಸೋರ್ಸ್‌ನಲ್ಲಿ ‘ಜಿಟಿಎಂ’ ಎಂದು ಆರಂಭವಾಗುವ ಐಡಿಯನ್ನು ಹುಡುಕಿ. ಅದರ ಕೋಡ್ ಎರಡು ತುಂಡುಗಳಲ್ಲಿರುತ್ತದೆ: ಹೆಡ್ ಭಾಗದಲ್ಲೊಂದು ಸ್ಕ್ರಿಪ್ಟ್, ಬಾಡಿ ಆರಂಭವಾದ ಕೂಡಲೇ ನೋಸ್ಕ್ರಿಪ್ಟ್ ಒಳಗೊಂದು ಐಫ್ರೇಮ್. ಎರಡನೆಯದನ್ನು ತೆಗೆಯಲು ಮರೆಯುವವರು ಬಹಳ.

ವರ್ಡ್‌ಪ್ರೆಸ್‌ನಲ್ಲಿ ಈ ತುಂಡುಗಳು ಥೀಮ್‌ನ ಹೆಡರ್ ಫೈಲ್‌ನಲ್ಲಿ, ಫಂಕ್ಷನ್ಸ್ ಫೈಲ್‌ನಲ್ಲಿ ಅಥವಾ ಚೈಲ್ಡ್ ಥೀಮ್‌ನಲ್ಲಿ (ಮೂಲ ಥೀಮ್‌ನ ಬದಲಾವಣೆಗಳನ್ನಷ್ಟೇ ಇಡುವ ಉಪಥೀಮ್) ಇರಬಹುದು. ಹೆಡರ್‌–ಫುಟರ್‌ಗೆ ಕೋಡ್ ಸೇರಿಸುವ ಪ್ಲಗಿನ್ ಮೂಲಕ ಹಾಕಿದ್ದರೆ ಅದು ಡೇಟಾಬೇಸ್‌ನಲ್ಲಿ ಕುಳಿತಿರುತ್ತದೆಯಾದ್ದರಿಂದ, ಫೈಲ್‌ಗಳನ್ನೆಲ್ಲ ಜಾಲಾಡಿದರೂ ಸಿಗುವುದಿಲ್ಲ. ಫಾರ್ಮ್ ಸಲ್ಲಿಸಿದ ಬಳಿಕ ಬರುವ ಧನ್ಯವಾದದ ಪುಟವನ್ನು ಪ್ರತ್ಯೇಕವಾಗಿ ಪರೀಕ್ಷಿಸಿ. ಭೇಟಿಗಾರರು ಫಾರ್ಮ್ ಸಲ್ಲಿಸಿದ್ದನ್ನು ಎಣಿಸುವ ಕನ್ವರ್ಷನ್ ಕೋಡ್ ಅನ್ನು ಆ ಒಂದು ಪುಟದಲ್ಲಷ್ಟೇ ಹಾಕುವ ರೂಢಿಯಿದೆ. ಡೇಟಾಬೇಸ್ ಅನ್ನು ಮುಟ್ಟುವ ಮುನ್ನ ಬ್ಯಾಕಪ್ ಇರಲಿ. ಸೆಟ್ಟಿಂಗ್‌ಗಳು ಅಕ್ಷರಗಳ ಉದ್ದವನ್ನೂ ಜೊತೆಗಿಟ್ಟುಕೊಂಡು ಸೀರಿಯಲೈಸ್ ಆಗಿರುವುದರಿಂದ (ಒಂದೇ ಪಠ್ಯವಾಗಿ ಪೋಣಿಸಿರುವುದರಿಂದ), ಎಸ್‌ಕ್ಯೂಎಲ್‌ನಲ್ಲಿ ನೇರವಾಗಿ ಅಳಿಸಿದರೆ ಇಡೀ ಸೆಟ್ಟಿಂಗೇ ಕೆಡಬಹುದು. ಆ ಪ್ಲಗಿನ್‌ನ ಪುಟದಲ್ಲೇ ಅಳಿಸುವುದು ಕ್ಷೇಮ.

ಮರುಪ್ರಶ್ನೆ: ನೀವು ಹೇಳಿದಂತೆಯೇ ಜಿಟಿಎಂ ಐಡಿ ಸಿಕ್ಕಿತು, ಅದು ಏಜೆನ್ಸಿಯ ಖಾತೆಯದು. ಜೊತೆಗೆ ‘ಯುಎ’ ಎಂದು ಆರಂಭವಾಗುವ ಹಳೆಯ ಅನಲಿಟಿಕ್ಸ್ ಐಡಿಯೂ ಇದೆ. ಇವುಗಳಿಂದ ನಿಜವಾಗಿಯೂ ತೊಂದರೆಯಿದೆಯೇ?

ಉತ್ತರ: ಯುಎ ಐಡಿಯದು ಸಣ್ಣ ವಿಷಯ. ಯೂನಿವರ್ಸಲ್ ಅನಲಿಟಿಕ್ಸ್‌ನ ಸಾಮಾನ್ಯ ಖಾತೆಗಳು 2023ರ ಜುಲೈ 1ರಿಂದಲೇ ಹೊಸ ಮಾಹಿತಿ ಸ್ವೀಕರಿಸುವುದನ್ನು ನಿಲ್ಲಿಸಿವೆ. ಆ ಕೋಡ್ ಈಗ ಪುಟಕ್ಕೆ ಹೊರೆ ಮಾತ್ರ.

ಕಂಟೇನರ್‌ನ ಮಾತು ಹಾಗಲ್ಲ. ಅದರಲ್ಲಿ ಪಬ್ಲಿಷ್ ಮಾಡುವ ಅಧಿಕಾರ ಇರುವವರು ನಿಮ್ಮ ಸರ್ವರ್ ಅನ್ನು ಮುಟ್ಟದೆ, ನಿಮ್ಮ ಪಾಸ್‌ವರ್ಡ್ ಕೇಳದೆ, ನಿಮ್ಮ ಎಲ್ಲ ಪುಟಗಳಲ್ಲೂ ತಮಗೆ ಬೇಕಾದ ಸ್ಕ್ರಿಪ್ಟ್ ಓಡಿಸಬಹುದು, ಮತ್ತು ಆ ಸ್ಕ್ರಿಪ್ಟ್ ಭೇಟಿಗಾರರು ಫಾರ್ಮ್‌ನಲ್ಲಿ ಟೈಪ್ ಮಾಡುವುದನ್ನು ಓದಬಲ್ಲದು. ಏಜೆನ್ಸಿಯವರು ಪ್ರಾಮಾಣಿಕರೇ ಆಗಿರಬಹುದು, ಆದರೆ ಅವರ ಖಾತೆ ನಾಳೆ ಯಾರ ಕೈಗೆ ಹೋಗುತ್ತದೆ ಎಂಬುದು ನಿಮ್ಮ ಹಿಡಿತದಲ್ಲಿಲ್ಲ. ಟ್ರ್ಯಾಕಿಂಗ್‌ಗೆ ಸಂಬಂಧಿಸಿರದಿದ್ದರೂ ಹಳೆಯ ಬ್ರೌಸರ್‌ಗಳಿಗೆ ನೆರವಾಗುವ ಸ್ಕ್ರಿಪ್ಟ್ ಒದಗಿಸುತ್ತಿದ್ದ ಪಾಲಿಫಿಲ್ ಡಾಟ್ ಐಒ ಪ್ರಕರಣವನ್ನು ಇಲ್ಲಿ ನೆನೆಯಬೇಕು: 2024ರಲ್ಲಿ ಆ ಡೊಮೇನ್ ಬೇರೆಯವರ ಪಾಲಾಯಿತು, ಜೂನ್ ಹೊತ್ತಿಗೆ ಅದರ ಸ್ಕ್ರಿಪ್ಟ್ ಭೇಟಿಗಾರರನ್ನು ದುರುದ್ದೇಶದ ತಾಣಗಳತ್ತ ತಿರುಗಿಸುತ್ತಿರುವುದು ಪತ್ತೆಯಾಯಿತು. ಅದನ್ನು ಸೇರಿಸಿಕೊಂಡಿದ್ದ ಜಾಲತಾಣಗಳ ಸಂಖ್ಯೆ ಒಂದು ಲಕ್ಷಕ್ಕೂ ಹೆಚ್ಚು.

ಆ ಕಂಟೇನರ್‌ನಲ್ಲಿ ನಿಮಗೆ ಬೇಕಾದ ಟ್ಯಾಗ್‌ಗಳೂ ಇದ್ದರೆ, ಅದನ್ನು ಎಕ್ಸ್‌ಪೋರ್ಟ್ ಮಾಡಿಕೊಡುವಂತೆ ಏಜೆನ್ಸಿಯನ್ನು ಕೇಳಿ, ನಿಮ್ಮದೇ ಖಾತೆಯ ಹೊಸ ಕಂಟೇನರ್‌ಗೆ ತಂದು, ಒಂದೊಂದೇ ಟ್ಯಾಗ್ ಪರಿಶೀಲಿಸಿದ ಮೇಲೆ ಹಳೆಯದನ್ನು ತೆಗೆಯಿರಿ. ಇಲ್ಲದಿದ್ದರೆ ಇಂದೇ ತೆಗೆದುಹಾಕಿ.

ಮರುಪ್ರಶ್ನೆ: ಎರಡೂ ತುಂಡುಗಳನ್ನು ತೆಗೆದೆ. ಲಾಗಿನ್ ಆಗಿ ನೋಡಿದರೆ ಇಲ್ಲ, ಖಾಸಗಿ ವಿಂಡೋದಲ್ಲಿ ನೋಡಿದರೆ ಇನ್ನೂ ಇದೆ!

ಉತ್ತರ: ಅದು ಕ್ಯಾಶ್‌ನ ಲಕ್ಷಣ. ಲಾಗಿನ್ ಆದವರಿಗೆ ಸಾಮಾನ್ಯವಾಗಿ ಪುಟ ಹೊಸದಾಗಿ ತಯಾರಾಗುತ್ತದೆ, ಉಳಿದವರಿಗೆ ಕ್ಯಾಶ್‌ನಲ್ಲಿರುವ ಹಳೆಯ ಪ್ರತಿ ಹೋಗುತ್ತದೆ. ಮೊದಲು ಕ್ಯಾಶ್ ಪ್ಲಗಿನ್, ಆಮೇಲೆ ಹೋಸ್ಟಿಂಗ್‌ನವರ ಕ್ಯಾಶ್, ಕೊನೆಗೆ ಸಿಡಿಎನ್ (ಪುಟದ ಪ್ರತಿಗಳನ್ನು ಹಲವೆಡೆಯ ಸರ್ವರ್‌ಗಳಿಂದ ಹಂಚುವ ಜಾಲ), ಇದೇ ಕ್ರಮದಲ್ಲಿ ಖಾಲಿ ಮಾಡಿ. ಸಿಡಿಎನ್ ಅನ್ನು ಮೊದಲು ಖಾಲಿ ಮಾಡಿದರೆ ಅದು ಹಿಂದಿನ ಕ್ಯಾಶ್‌ನಿಂದ ಹಳೆಯ ಪ್ರತಿಯನ್ನೇ ಮತ್ತೆ ತುಂಬಿಕೊಳ್ಳುತ್ತದೆ. ಅದಾದ ನಂತರವೂ ಉಳಿದರೆ ಸಿಡಿಎನ್‌ನ ಡ್ಯಾಶ್‌ಬೋರ್ಡ್ ನೋಡಿ, ಏಕೆಂದರೆ ಕೆಲವು ಸಿಡಿಎನ್‌ಗಳು ತಾವೇ ಪುಟದೊಳಗೆ ಸ್ಕ್ರಿಪ್ಟ್ ಸೇರಿಸಬಲ್ಲವು.

ಎಲ್ಲವೂ ಮುಗಿದ ಮೇಲೆ, ಪುಟ ಯಾವ ಡೊಮೇನ್‌ಗಳನ್ನು ಕರೆಯಬಹುದು ಎಂಬ ಪಟ್ಟಿಯನ್ನು ಬ್ರೌಸರ್‌ಗೆ ತಿಳಿಸುವ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಹೆಡರ್ ಅನ್ನು ರಿಪೋರ್ಟ್ ಓನ್ಲಿ ರೂಪದಲ್ಲಿ ಕೆಲವು ದಿನ ಹಾಕಿಡಿ. ಅದು ಯಾವುದನ್ನೂ ತಡೆಯುವುದಿಲ್ಲ. ನಿಮ್ಮ ಪಟ್ಟಿಯಲ್ಲಿಲ್ಲದ ಡೊಮೇನ್‌ಗೆ ಯಾವ ಪುಟದಿಂದ ಕರೆ ಹೋದರೂ ವರದಿ ಕಳುಹಿಸುತ್ತದೆ. ನೀವು ತೆರೆದು ನೋಡದ ಹಳೆಯ ಪುಟಗಳಲ್ಲಿ ಕೋಡ್ ಉಳಿದಿದ್ದರೆ, ಯಾರಾದರೂ ಆ ಪುಟಕ್ಕೆ ಭೇಟಿ ನೀಡಿದಾಗ ಅದೂ ವರದಿಯಲ್ಲಿ ಕಾಣುತ್ತದೆ.