ಡಿಬಗ್ಗರ್‌ಗೆ ಹೆಸರೇ ಗೊತ್ತಾಗುತ್ತಿಲ್ಲ: ಫೋರ್ಟ್ರಾನ್, ಸಿ++, ರಸ್ಟ್ ಒಟ್ಟಿಗಿದ್ದರೆ ನೀವೇನು ಮಾಡುತ್ತೀರಿ?

ಸೋಮವಾರಪೇಟೆಯಿಂದ, ಕೇಳುತ್ತಿರುವವರು:

ಎಲ್ಲರಿಗೂ ನಮಸ್ಕಾರ. ಮನೆಯಿಂದಲೇ ಕೆಲಸ ನನ್ನದು. ಮಳೆ ಅಳತೆ ನೋಡಿ ಹೊಳೆಗೆ ಎಷ್ಟು ನೀರು ಬರುತ್ತದೆ ಅಂತ ಲೆಕ್ಕ ಹಾಕುವ ಒಂದು ಪ್ರೋಗ್ರಾಂ ಇದೆ. ಮೂರು ಪ್ರೋಗ್ರಾಮಿಂಗ್ ಭಾಷೆ ಕಲಸಿದ್ದು. ಒಳಗಿನ ಲೆಕ್ಕ ಹಳೇ ಫೋರ್ಟ್ರಾನ್. ಮೇಲಿನ ಹೊದಿಕೆ ಸಿ++. ಫೈಲ್ ಓದುವ ಭಾಗವನ್ನು ಹೋದ ವರ್ಷ ರಸ್ಟ್‌ನಲ್ಲಿ ಬರೆದಿದ್ದಾರೆ. ತಪ್ಪು ಹುಡುಕಲು ಜಿಡಿಬಿ (ಪ್ರೋಗ್ರಾಂ ಅನ್ನು ನಡುವೆ ನಿಲ್ಲಿಸಿ ಒಳಗೆ ನೋಡುವ ಡಿಬಗ್ಗರ್) ಹಿಡಿದು ಕೂತರೆ ತಲೆನೋವು ಶುರು. ಫೋರ್ಟ್ರಾನ್ ಫೈಲಿನಲ್ಲಿ ದೊಡ್ಡಕ್ಷರದಲ್ಲಿ ಇರುವ 'ರೀಡ್_ಗೇಜ್' ಅನ್ನು ಹಾಗೇ ಟೈಪ್ ಮಾಡಿದರೆ ಅಂಥ ಫಂಕ್ಷನ್ ಇಲ್ಲ ಅನ್ನುತ್ತದೆ. 'ಇನಿಟ್' ಅಂದರೆ 43 ಕಡೆ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಬೇಕಾದ ಜಾಗದ ಗುರುತು) ಬೀಳುತ್ತದೆ. ರಸ್ಟ್ ಹೆಸರುಗಳ ಹಿಂದೆ ಉದ್ದದ ಬಾಲ.

ನಮ್ಮ ಟೀಮಿನವರು ಜಿಡಿಬಿ ಸೋರ್ಸನ್ನು ಸ್ವಲ್ಪ ತಿದ್ದಿ ಬಳಸುತ್ತೇವೆ. "ಹೆಸರು ಹೋಲಿಸುವ ಜಾಗವನ್ನೇ ಸಡಿಲ ಮಾಡಿಬಿಡೋಣ, ದೊಡ್ಡಕ್ಷರ ಚಿಕ್ಕಕ್ಷರ ನೋಡೋದೇ ಬೇಡ" ಅಂತ ಒಬ್ಬರ ಸಲಹೆ. ಮಾಡಬಹುದಾ? ಯಾರಾದರೂ ಮಾಡಿ ನೋಡಿದ್ದೀರಾ?

ಮಡಿಕೇರಿಯಿಂದ:

ಸೋರ್ಸ್‌ಗೆ ಈಗಲೇ ಕೈ ಹಾಕಬೇಡಿ. ಮೊದಲು 'ಶೋ ಲ್ಯಾಂಗ್ವೇಜ್' ಅಂತ ಕೇಳಿ. ಪ್ರೋಗ್ರಾಂ ಶುರುವಾಗೋದು ಸಿ++ ಮೇನ್‌ನಿಂದ ಅಲ್ವಾ? ಹಾಗಾಗಿ ಡಿಬಗ್ಗರ್ ಸಿ++ ಲೆಕ್ಕದಲ್ಲೇ ಇರುತ್ತದೆ. ಅಕ್ಷರದ ಗಾತ್ರ ನೋಡಬೇಕಾ ಬೇಡವಾ ಅನ್ನೋದಕ್ಕೆ ಬೇರೆಯೇ ಸೆಟ್ಟಿಂಗ್ ಇದೆ, 'ಸೆಟ್ ಕೇಸ್-ಸೆನ್ಸಿಟಿವ್'. ಅದು ಆಟೋದಲ್ಲಿದ್ದರೆ ಭಾಷೆ ಫೋರ್ಟ್ರಾನ್ ಆಗಿದ್ದಾಗ ಮಾತ್ರ ಗಾತ್ರ ನೋಡುವುದಿಲ್ಲ, ಉಳಿದಂತೆ ನೋಡುತ್ತದೆ. ಫೋರ್ಟ್ರಾನ್ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಜಿಫೋರ್ಟ್ರಾನ್ ಎಲ್ಲ ಹೆಸರನ್ನೂ ಚಿಕ್ಕಕ್ಷರ ಮಾಡಿಯೇ ಇಡುತ್ತದೆ. ನೀವೂ ಚಿಕ್ಕಕ್ಷರದಲ್ಲೇ ಟೈಪ್ ಮಾಡಿ, ಸಿಗುತ್ತದೆ. ರೈನ್ ಅನ್ನುವಂಥ ಮಾಡ್ಯೂಲ್ ಒಳಗಿದ್ದರೆ 'ರೈನ್::ರೀಡ್_ಗೇಜ್' ಅಂತ ಪೂರ್ತಿ ಕೊಡಿ.

ಇನ್ನೊಂದು ಮಾತು. ಹೆಸರು ಸಿಗದಿದ್ದಾಗ "ಮುಂದೆ ಲೈಬ್ರರಿ ಲೋಡ್ ಆದಾಗ ನೋಡಲಾ" ಅಂತ ಕೇಳುತ್ತದಲ್ಲ, ಅದಕ್ಕೆ ವೈ ಒತ್ತುವ ಮುಂಚೆ ಸ್ಪೆಲ್ಲಿಂಗ್ ನೋಡಿಕೊಳ್ಳಿ. ನಾನು ಒಮ್ಮೆ ವೈ ಒತ್ತಿ, ಕಾಫಿ ಮಾಡಿಕೊಂಡು ಬಂದು, ಕುಡಿದೂ ಮುಗಿಸಿದೆ. ಪ್ರೋಗ್ರಾಂ ಎಲ್ಲೂ ನಿಲ್ಲದೆ ಮುಗಿದೇ ಹೋಗಿತ್ತು. ಇಲ್ಲದ ಹೆಸರಿಗೆ ಕಾಯುತ್ತಾ ಕೂತಿದ್ದೆ.

ಪೊನ್ನಂಪೇಟೆಯಿಂದ:

'ಇನಿಟ್' ವಿಷಯಕ್ಕೆ ಬರ್ತೇನೆ. ನಮ್ಮ ಕಡೆ ಮದುವೆ ಮನೆಯಲ್ಲಿ ಸುಮ್ನೆ "ಬೋಪಣ್ಣ" ಅಂತ ಕೂಗಿ ನೋಡಿ. ನಾಲ್ಕು ಜನ ತಿರುಗುತ್ತಾರೆ. ಅದಕ್ಕೇ ಮೊದಲು ಒಕ್ಕದ (ಕೊಡವರ ಮನೆತನದ) ಹೆಸರು, ಆಮೇಲೆ ಅಪ್ಪನ ಹೆಸರು, ಕೊನೆಗೆ ತನ್ನ ಹೆಸರು. ಕೊಡಂದೇರ ಮಾದಪ್ಪ ಕಾರ್ಯಪ್ಪ ಅಂದರೆ ಅವರೊಬ್ಬರೇ. ಸಿ++ ನೇಮ್‌ಸ್ಪೇಸ್ (ಹೆಸರುಗಳನ್ನು ಗುಂಪು ಮಾಡುವ ಹೊರಗಿನ ಹೆಸರು) ಕೂಡ ಇದೇ ಕ್ರಮ.

2018ರಲ್ಲಿ ಬಂದ ಜಿಡಿಬಿ 8.1ರಿಂದ ಬರೀ ಕೊನೆಯ ಹೆಸರು ಕೊಟ್ಟರೆ ಎಲ್ಲ ಒಕ್ಕದ 'ಇನಿಟ್'ಗಳೂ ತಿರುಗುತ್ತವೆ. ಅದು ದೋಷ ಅಲ್ಲ, ಬೇಕಂತಲೇ ಮಾಡಿದ್ದು. ಉದ್ದ ಟೈಪ್ ಮಾಡಲು ಬೇಜಾರಾದವರಿಗೆ ಅನುಕೂಲ. ಒಂದೇ ಬೇಕಿದ್ದರೆ ಮೇಲಿನ ಒಂದೆರಡು ಹೆಸರು ಸೇರಿಸಿ, 'ಐಒ::ಇನಿಟ್' ಅಂದರೆ ಬಹಳಷ್ಟು ಉದುರಿ ಹೋಗುತ್ತವೆ. 'ಬ್ರೇಕ್ -ಕ್ವಾಲಿಫೈಡ್ ಇನಿಟ್' ಅಂದರೆ ಯಾವ ಒಕ್ಕಕ್ಕೂ ಸೇರದೆ ಹೊರಗೆ ಒಂಟಿಯಾಗಿರುವ 'ಇನಿಟ್' ಮಾತ್ರ ಸಿಗುತ್ತದೆ.

ನಾಪೋಕ್ಲುವಿನಿಂದ:

ರಸ್ಟ್ ಬಾಲದ ಕಥೆ ಚಿಕ್ಕದು. ಹಳೇ ಪದ್ಧತಿಯಲ್ಲಿ ರಸ್ಟ್ ತನ್ನ ಹೆಸರುಗಳನ್ನು ಸಿ++ ವೇಷದಲ್ಲೇ ಕಳಿಸುತ್ತಿತ್ತು. ಶುರುವಿನಲ್ಲಿ ಅದೇ ಅಂಡರ್‌ಸ್ಕೋರ್, ಝಡ್, ಎನ್. ಕೊನೆಯಲ್ಲಿ 17, ಆಮೇಲೆ ಎಚ್, ಆಮೇಲೆ 16 ಹೆಕ್ಸ್ ಅಂಕಿ (0ಯಿಂದ 9, ಎಯಿಂದ ಎಫ್). ಎಚ್ ಸೇರಿ 17 ಅಕ್ಷರ, ಆ ಸಂಖ್ಯೆ ಉದ್ದ ಹೇಳುವುದಷ್ಟೇ. ಬರೀ ಸಿ++ ಗೊತ್ತಿರುವ ಟೂಲ್ ಅದನ್ನೂ ಒಂದು ಹೆಸರು ಅಂದುಕೊಂಡು ಕೊನೆಗೆ ಅಂಟಿಸುತ್ತದೆ. ಮಡಿಕೇರಿ ಬ್ರಿಟಿಷರ ಬಾಯಲ್ಲಿ ಮರ್ಕೇರಾ ಆದ ಹಾಗೆ. ಹೊಸ ಪದ್ಧತಿಯಲ್ಲಿ ಹೆಸರು ಅಂಡರ್‌ಸ್ಕೋರ್ ಆರ್‌ನಿಂದ ಶುರುವಾಗುತ್ತದೆ, ಗೊಂದಲ ಇಲ್ಲ. ಟೂಲ್‌ಗಳನ್ನು ಅಪ್‌ಡೇಟ್ ಮಾಡಿ, ಅರ್ಧ ಸಮಸ್ಯೆ ಹೋಗುತ್ತದೆ.

ಕುಶಾಲನಗರದಿಂದ:

ನಿಮ್ಮ ಟೀಮಿನವರು ಹೇಳುತ್ತಿರುವ 'ಸಡಿಲ ಮಾಡೋಣ' ಇದೆಯಲ್ಲ, ಅದನ್ನು ನಾನು ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಸ್ವಲ್ಪ ಉದ್ದ ಆಗ್ತದೆ, ಓದಿ.

ಆಗ ನಾನಿದ್ದ ಕಡೆ ಆಡಾ ಮತ್ತು ಸಿ ಅನ್ನುವ ಎರಡು ಭಾಷೆ ಕಲಸಿದ ಪ್ರೋಗ್ರಾಂ. ಡಿಬಗ್ಗರ್ ಹಳೇ ವರ್ಶನ್, ಅದರ ಮೇಲೆ ನಮ್ಮದೇ ತೇಪೆ. ಆಡಾದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಭೇದ ಇಲ್ಲ. ನ್ಯಾಟ್ ಕಂಪೈಲರ್ ಹೆಸರನ್ನೆಲ್ಲ ಚಿಕ್ಕಕ್ಷರ ಮಾಡಿ, ಚುಕ್ಕೆ ಇದ್ದ ಕಡೆ ಎರಡು ಅಂಡರ್‌ಸ್ಕೋರ್ ಹಾಕುತ್ತದೆ. ಆಡಾ ಕೋಡ್ ಒಳಗೆ ನಿಂತು 'ಪಂಪ್.ರೀಸೆಟ್' ಅಂದರೆ ಸಿಗುತ್ತಿತ್ತು. ಸಿ ಫಂಕ್ಷನ್ ಒಳಗೆ ನಿಂತು ಅದನ್ನೇ ಕೇಳಿದರೆ ಇಲ್ಲ! ಒಂದೇ ಕಮಾಂಡ್, ಎರಡು ಉತ್ತರ. ಸರಿ ಅಂತ ಹೋಲಿಕೆಯನ್ನು ಸಡಿಲ ಮಾಡಿದೆ. ಎರಡು ದಿನ ಎಲ್ಲರೂ ಖುಷಿ. ಮೂರನೇ ದಿನ ಒಬ್ಬರು ಬಂದರು. ಸಿ ಕಡೆ ದೊಡ್ಡ ಆರ್‌ನ ರೀಸೆಟ್ ಒಂದು, ಚಿಕ್ಕ ಆರ್‌ನದು ಇನ್ನೊಂದು ಇತ್ತು. ಒಂದನ್ನು ಕೇಳಿದರೆ ಎರಡೂ ನಿಲ್ಲುತ್ತಿದ್ದವು. ತೇಪೆ ಕಿತ್ತು ಹಾಕಿದೆ.

ನಿಜವಾದ ತಪ್ಪು ಬೇರೆ ಕಡೆ ಇತ್ತು. ನಾವು ಈಗ ಯಾವ ಭಾಷೆಯ ಕೋಡಿನಲ್ಲಿ ನಿಂತಿದ್ದೇವೋ ಆ ಭಾಷೆಯ ನಿಯಮದಿಂದ ಎಲ್ಲ ಹೆಸರನ್ನೂ ಹೋಲಿಸುತ್ತಿತ್ತು. ಹುಡುಕುತ್ತಿರುವ ಹೆಸರು ಯಾವ ಭಾಷೆಯದೋ ಆ ಭಾಷೆಯ ನಿಯಮ ಬಳಸಬೇಕು. ಟೈಪ್ ಮಾಡಿದ್ದನ್ನು ಒಂದು ಸಲ ತೆಗೆದುಕೊಂಡು, ಆಡಾಗೆ ಒಂದು ರೂಪ, ಸಿ++ಗೆ ಒಂದು ರೂಪ ಅಂತ ಮಾಡಿಟ್ಟುಕೊಂಡು, ಎದುರು ಬಂದ ಸಿಂಬಲ್ (ಪ್ರೋಗ್ರಾಂನಲ್ಲಿರುವ ಹೆಸರು) ಯಾವ ಭಾಷೆಯದೋ ಆ ಭಾಷೆಯ ರೂಪದ ಜೊತೆ ಹೋಲಿಸುವುದು. ಇವತ್ತಿನ ಜಿಡಿಬಿ ಮಾಡುವುದೂ ಹೀಗೆಯೇ.

ಇಷ್ಟು ಮಾಡಿದ ಮೇಲೂ ಒಂದು ವಾರ ಹೋಯಿತು. ಹೋಲಿಕೆ ಸರಿ, ಆದರೂ ಹೆಸರು ಸಿಗದು. ಕಾರಣ ಹ್ಯಾಶ್, ಅಂದರೆ ಹೆಸರಿನ ಅಕ್ಷರಗಳಿಂದ ಲೆಕ್ಕ ಹಾಕಿ ತೆಗೆಯುವ ಒಂದು ಸಂಖ್ಯೆ. ಹೋಲಿಸುವ ಮುಂಚೆ ಡಿಬಗ್ಗರ್ ಹ್ಯಾಶ್ ಲೆಕ್ಕ ಹಾಕಿ ಯಾವ ಡಬ್ಬಿ ನೋಡಬೇಕು ಅಂತ ತೀರ್ಮಾನ ಮಾಡುತ್ತದೆ. ಹೋಲಿಕೆಯಲ್ಲಿ ಒಂದೇ ಅನ್ನಿಸಿಕೊಳ್ಳುವ ಎರಡು ಹೆಸರು ಒಂದೇ ಡಬ್ಬಿಗೆ ಬೀಳಬೇಕು. ನಾನು ಹೋಲಿಕೆ ಬದಲಾಯಿಸಿ ಡಬ್ಬಿ ಹಾಗೇ ಬಿಟ್ಟಿದ್ದೆ. ಪೊನ್ನಂಪೇಟೆಯವರ ಮಾತಲ್ಲೇ ಹೇಳಬೇಕೆಂದರೆ, ಒಕ್ಕದ ಹೆಸರಿನ ಪ್ರಕಾರ ಜೋಡಿಸಿದ ಕಡತದಲ್ಲಿ ಬರೀ ಬೋಪಣ್ಣನನ್ನು ಹುಡುಕಿದ ಹಾಗೆ. ಜಿಡಿಬಿ ಸಿ++ಗೆ ಕೊನೆಯ ಹೆಸರಿನ ಮೇಲೆ ಮಾತ್ರ ಹ್ಯಾಶ್ ಹಾಕುವುದು ಇದಕ್ಕೇ. ಒಕ್ಕ ಹೇಳಿದರೂ ಬಿಟ್ಟರೂ ಅದೇ ಡಬ್ಬಿ.

ನೀವು ತಿದ್ದಲೇಬೇಕು ಅಂತಾದರೆ ಈ ಎರಡು ಜಾಗವನ್ನೂ ಜೊತೆಗೇ ತಿದ್ದಿ. ಪರೀಕ್ಷೆ ಮಾಡುವಾಗ ಮೂರೂ ಭಾಷೆಯ ಕೋಡಿನಲ್ಲಿ ನಿಂತು ಮೂರೂ ಭಾಷೆಯ ಹೆಸರು ಕೇಳಿ, ಒಟ್ಟು 9 ಸಲ. ನಾನು ಆಡಾದಲ್ಲಿ ನಿಂತು ಮಾತ್ರ ನೋಡಿ ಸೈ ಅಂದುಕೊಂಡಿದ್ದೆ.

ಮತ್ತೆ ಸೋಮವಾರಪೇಟೆಯಿಂದ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ, ಅದಕ್ಕೆ ತಡ. ಚಿಕ್ಕಕ್ಷರದಲ್ಲಿ ಕೊಟ್ಟ ಕೂಡಲೇ 'ರೀಡ್_ಗೇಜ್' ಸಿಕ್ಕಿತು. ನಾಚಿಕೆ ಆಯಿತು. 43 ಇದ್ದದ್ದು 'ಐಒ::ಇನಿಟ್' ಅಂದ ಮೇಲೆ 2ಕ್ಕೆ ಇಳಿಯಿತು. ಕುಶಾಲನಗರದ ಅಣ್ಣ ಹೇಳಿದ ಕಥೆಯನ್ನು ಟೀಮಿಗೆ ಓದಿ ಹೇಳಿದೆ, ಸಡಿಲ ಮಾಡುವ ಮಾತು ಅಲ್ಲಿಗೇ ನಿಂತಿತು. ರಸ್ಟ್ ಟೂಲ್‌ಗಳ ಅಪ್‌ಡೇಟ್ ಇನ್ನೂ ಬಾಕಿ.

ಅಂದಹಾಗೆ ನಾನು ಹುಡುಕುತ್ತಿದ್ದ ತಪ್ಪೂ ಸಿಕ್ಕಿತು. ಜುಲೈ ತಿಂಗಳಲ್ಲಿ ಭಾಗಮಂಡಲದ ಮಳೆ ಮೈನಸ್ ತೋರಿಸುತ್ತಿತ್ತು. ಅಳತೆ ತೆಗೆಯದ ದಿನಕ್ಕೆ ಗುರುತಿಗೆ ಅಂತ ಮೈನಸ್ 999 ಬರೆದಿಟ್ಟಿದ್ದರು. ರಸ್ಟ್ ಅದನ್ನು ಹಾಗೇ ದಾಟಿಸಿತ್ತು, ಫೋರ್ಟ್ರಾನ್ ಅದನ್ನೂ ಮಳೆ ಅಂತಲೇ ಕೂಡಿಸಿತ್ತು.