ಪದಚರ್ಚೆ: ‘ಸೈನಿಕೀಕರಣ’ ಮತ್ತು ‘ಲಘು ಲಾಠಿ ಪ್ರಹಾರ’
ಎಲ್ಲರಿಗೂ ಚಿಕ್ಕಮಗಳೂರಿನಿಂದ ನಮಸ್ಕಾರ.

ಅಮೆರಿಕದ ಪೊಲೀಸರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು.

ಮೊದಲನೆಯದು ‘ಸೈನಿಕೀಕರಣ’ (ಇಂಗ್ಲಿಷಿನ ‘ಮಿಲಿಟರೈಸೇಶನ್’), ಅಂದರೆ ಪೊಲೀಸರು ಸೇನೆಯಂತಾಗುವುದು. ಸೇನೆಗೆ ಬೇಡವಾದ ಬಂದೂಕು, ವಾಹನಗಳನ್ನು ಊರೂರಿನ ಪೊಲೀಸರಿಗೆ ಕೊಡುವ ಯೋಜನೆ ಅಲ್ಲಿ 1990ರ ದಶಕದಿಂದ ಇದೆ. 2014ರಲ್ಲಿ ಫರ್ಗುಸನ್ ಊರಿನಲ್ಲಿ ಮೈಕೆಲ್ ಬ್ರೌನ್ ಎಂಬ ಕರಿಯ ಯುವಕ ಪೊಲೀಸ್ ಗುಂಡಿಗೆ ಸತ್ತ. ಪ್ರತಿಭಟನೆಗೆ ಬಂದವರ ಎದುರು ಪೊಲೀಸರು ಗುಂಡುನಿರೋಧಕ ವಾಹನ ತಂದು ನಿಲ್ಲಿಸಿದರು. ‘ಸೈನಿಕೀಕರಣ’ ಅಂದರೆ ಪೊಲೀಸರನ್ನು ಸೇನೆಗೆ ಸೇರಿಸಿದರು ಎಂದು ಓದುಗರು ತಿಳಿಯಬಹುದು. ‘ಪೊಲೀಸರ ಕೈಗೆ ಸೇನೆಯ ಸರಂಜಾಮು’ ಎಂದರೆ ಸಾಮಾನು ಮಾತ್ರ ಕಾಣುತ್ತದೆ. ಜನರನ್ನೇ ಶತ್ರುಗಳಂತೆ ನೋಡುವ ಮನಸ್ಸು ಬಿಟ್ಟುಹೋಗುತ್ತದೆ. ನಮ್ಮ ಶೃಂಗೇರಿ, ಕೊಪ್ಪದ ಕಡೆ ನಕ್ಸಲ್ ನಿಗ್ರಹ ದಳ ಕಾಡು ಜಾಲಾಡಿದ ವರ್ಷಗಳಲ್ಲಿ ‘ಕೂಂಬಿಂಗ್’ ಎಂಬ ಪದ ಮನೆಮಾತಾಯಿತು. ಆದರೆ ಅದು ಕಾರ್ಯಾಚರಣೆಯ ಹೆಸರು, ಅಷ್ಟೇ.

ನನಗೆ ಜಾಸ್ತಿ ಕಾಡುವುದು ಎರಡನೆಯದು: ಪೊಲೀಸರು ಬೇಕಾದ್ದಕ್ಕಿಂತ ಹೆಚ್ಚು ಬಲ ಬಳಸುವುದಕ್ಕೆ (ಇಂಗ್ಲಿಷಿನ ‘ಎಕ್ಸೆಸಿವ್ ಫೋರ್ಸ್’) ಏನೆನ್ನಬೇಕು? ‘ಗುಂಪು ಚದುರಿಸಲು ಪೊಲೀಸರು ಲಘು ಲಾಠಿ ಪ್ರಹಾರ ನಡೆಸಿದರು’ ಎಂದು ನಮ್ಮ ಪತ್ರಿಕೆಗಳು ಬರೆಯುತ್ತವೆ. ತಲೆ ಒಡೆದರೂ ‘ಲಘು’ವೇ! ಅದು ಲಘು ಎಂದು ಅಳೆದವರು ಯಾರು? ಹೊಡೆದವರೇ ಅಲ್ವಾ? ಪೆಟ್ಟು ತಿಂದವರನ್ನು ಕೇಳಿ ಯಾರೂ ಆ ಪದ ಹಾಕಿರುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಂತೂ ‘ಲಾಠಿ ರುಚಿ ತೋರಿಸಿದರು’ ಎಂದು ಟಿವಿಯವರು ಖುಷಿಯಿಂದ ಹೇಳಿದರು. ರಸ್ತೆಯಲ್ಲಿ ಒಬ್ಬ ಮನುಷ್ಯನನ್ನು ಹೊಡೆಯುವುದಕ್ಕೆ ರುಚಿ ಎನ್ನುವುದು ನನಗೆ ಸಹಿಸಲಾಗದ ಮಾತು.

ಕಾನೂನಿನ ಮಾತನ್ನೂ ನೋಡಿ. ಅಕ್ರಮ ಕೂಟ ಚದುರಿಸಲು ಸೇನೆಯನ್ನು ಕರೆಸಿದರೆ ಆದಷ್ಟು ಕಡಿಮೆ ಬಲ ಬಳಸಬೇಕು, ಆದಷ್ಟು ಕಡಿಮೆ ಹಾನಿ ಮಾಡಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಕಾನೂನು) 149ನೇ ಕಲಂ ಬಿಡಿಸಿ ಹೇಳುತ್ತದೆ. ಪೊಲೀಸರು ಚದುರಿಸುವ 148ನೇ ಕಲಂನಲ್ಲಿ ಆ ಮಾತು ಇಲ್ಲ. ಹಾಗಾಗಿ ಪೊಲೀಸರ ಅತಿಯನ್ನೆಲ್ಲ ‘ಸೇನೆಯಂತೆ’ ಎಂದು ಬರೆಯಲೂ ಹಿಂಜರಿಕೆ.

‘ದೌರ್ಜನ್ಯ’ ಎಂದರೆ ತೀರ್ಪು ಕೊಟ್ಟಂತೆ. ‘ಬಲಪ್ರಯೋಗ’ ಎಂದರೆ ಅಳತೆಯೇ ಇಲ್ಲ. ಸದ್ಯಕ್ಕೆ ‘ಮಿತಿ ಮೀರಿದ ಬಲಪ್ರಯೋಗ’ ಎಂದು ಬರೆದಿದ್ದೇನೆ. ಇದಕ್ಕಿಂತ ಚಿಕ್ಕ ಪದ ನಿಮ್ಮ ಕಡೆ ಬಳಕೆಯಲ್ಲಿದೆಯೇ? ‘ಲಘು’ ಮೊದಲು ಪೊಲೀಸ್ ಪ್ರಕಟಣೆಯಲ್ಲಿ ಬಂತೋ, ಪತ್ರಿಕೆಯವರೇ ಸೇರಿಸಿದರೋ? ಹಳೆಯ ಪತ್ರಿಕೆ ಇಟ್ಟುಕೊಂಡವರು, ಸುದ್ದಿಮನೆಯಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.